ಒಂದನೇ ಜಿನ್ನಿನ ಮುಂದೆ ನನ್ನ ತಂಗಿ

ಯಾರನ್ನು ಯಾವ ಜಿನ್ನಿನ ಮುಂದೆ ನಿಲ್ಲಿಸಬೇಕು, ಯಾರನ್ನು ಅಂಗಳಕ್ಕೆ ಕಳಿಸಬೇಕು ಅನ್ನುವುದು ನನ್ನ ಕೆಲಸವಾಗಿತ್ತು. ಹತ್ತಿಯಿಂದ ಕಾಳು ಬಿಡಿಸುವ ಕಾರ್ಖಾನೆಗೆ ನಮ್ಮ ಕಡೆ ಜಿನ್ನು ಅನ್ನುತ್ತಾರೆ. ಒಳಗಿನ ಒಂದೊಂದು ಯಂತ್ರಕ್ಕೂ ಜಿನ್ನು ಅಂತಲೇ ಹೆಸರು. ನರಗುಂದ, ರೋಣ, ಗಜೇಂದ್ರಗಡ ಮೂರೂ ಊರುಗಳಲ್ಲಿ ಒಬ್ಬರೇ ಮಾಲಕರ ಜಿನ್ನುಗಳಿದ್ದವು. ಮೂರರಲ್ಲೂ ನಾನು ದುಡಿದೆ, ಹೆಚ್ಚಿನ ಕಾಲ ಹೆಣ್ಣಾಳುಗಳ ಮುಕಾದಮಳಾಗಿ, ಅಂದರೆ ಅವರ ಕೆಲಸ ನೋಡಿಕೊಳ್ಳುವವಳಾಗಿ.

ಈಗ ಗಿರಣಿ, ಕಾರ್ಖಾನೆಗಳಿಗೆ ಕೆಲಸಕ್ಕೆ ಸೇರುವ ನಮ್ಮ ಓಣಿಯ ಹುಡುಗಿಯರು ಬಂದು ಕೂಡುತ್ತಾರೆ. "ಅಜ್ಜೀ, ಅಷ್ಟು ಮಂದಿನ್ನ ಹ್ಯಾಂಗ ನಡಸ್ತಿದ್ದಿ?" ಅಂತ ಕೇಳುತ್ತಾರೆ. ಮಂದಿಯನ್ನು ನಡೆಸಿದ್ದರ ಬಗ್ಗೆ ಹೇಳಲು ನನ್ನ ಹತ್ತಿರ ಹೆಚ್ಚೇನಿಲ್ಲ. ಒಬ್ಬಳನ್ನು ಎಲ್ಲಿ ನಿಲ್ಲಿಸಿದೆ ಅನ್ನುವುದೊಂದನ್ನು ಹೇಳಬೇಕು. ಅವಳು ನನ್ನ ತಂಗಿ ಗಿರಿಜವ್ವ. ನಾನು ಕಲಿತದ್ದು ಮೂರನೇ ಇಯತ್ತೆ, ಆದ್ದರಿಂದ ಬರವಣಿಗೆ ಹಿಂದುಮುಂದಾದರೆ ಸಹಿಸಿಕೊಳ್ಳಿ.

ನಮ್ಮದು ಶಿರೋಳ. ಗಂಡ ತೀರಿಕೊಂಡ ಮೇಲೆ ನಾನು ತವರಿಗೆ ಬಂದೆ. ತವರಿನಲ್ಲಿ ಉಳಿದಿದ್ದವಳು ಗಿರಿಜವ್ವ ಒಬ್ಬಳೇ. ಅವಳಿನ್ನೂ ಪರಕಾರ ಉಡುವ ವಯಸ್ಸಿನವಳು. ಮಂದಿಯ ಹೊಲದಲ್ಲಿ ಹತ್ತಿ ಬಿಡಿಸಲು ಹೋಗುತ್ತಿದ್ದೆ. ಆ ಹತ್ತಿ ತುಂಬಿದ ಚಕ್ಕಡಿಯ ಹಿಂದೆಯೇ ನಡೆದು ನರಗುಂದದ ಜಿನ್ನಿಗೆ ಹೋಗಿ ಕೆಲಸ ಕೇಳಿದೆ, ಸಿಕ್ಕಿತು.

ಮೊದಲ ದಿನ ಒಳಗೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟೆ. ಎದುರಿಗೆ ನಿಂತವಳ ಬಾಯಿ ಅಲುಗುತ್ತಿದೆ, ಮಾತು ಕೇಳಿಸುವುದಿಲ್ಲ. ಮೇಲಿನಿಂದ ಬಿಸಿಲುಕೋಲು ಬಿದ್ದಲ್ಲೆಲ್ಲ ಬಿಳಿ ನಾರು ತೇಲುತ್ತಿದೆ. ಎಲ್ಲ ಹೆಂಗಸರ ಹುಬ್ಬು, ರೆಪ್ಪೆ ಬೆಳ್ಳಗೆ. ನನ್ನ ವಯಸ್ಸಿನವರೂ ಮುದುಕಿಯರಂತೆ ಕಂಡರು. ನೆಲದ ಕೆಳಗೆ ಉದ್ದಕ್ಕೂ ಒಂದು ಕಬ್ಬಿಣದ ದಂಡ ತಿರುಗುತ್ತಿತ್ತು. ಅದರಿಂದ ಒಂದೊಂದು ಜಿನ್ನಿಗೂ ಒಂದೊಂದು ಚರ್ಮದ ಪಟ್ಟಾ. ಒಂದು ಜಿನ್ನನ್ನು ಮಾತ್ರ ನಿಲ್ಲಿಸಬೇಕಾದರೆ ಕಟ್ಟಿಗೆಯ ಹಿಡಿಕೆ ದೂಡಿ ಅದರ ಪಟ್ಟಾವನ್ನು ಪಕ್ಕದ ಖಾಲಿ ಗಾಲಿಗೆ ಸರಿಸಬೇಕು. ಹೆಂಗಸರು ಜಿನ್ನಿನ ಮುಂದೆ ನಿಂತು ಹತ್ತಿ ಉಣಿಸುತ್ತಾರೆ, ಅಂದರೆ ಹಿಡಿಹಿಡಿಯಾಗಿ ಅದರ ಬಾಯಿಗೆ ಹಾಕುತ್ತಾರೆ. ಒಳಗೆ ತಿರುಗುವ ರೋಲು ನಾರನ್ನು ಎಳೆದುಕೊಳ್ಳುತ್ತದೆ, ಕಾಳು ಕೆಳಗೆ ಉದುರುತ್ತದೆ.

"ಹತ್ತಿ ನೋಡಬ್ಯಾಡ, ನಿನ್ನ ಬೆರಳ ನೋಡಕೋತ ಹಾಕು," ಅಂತ ನನಗೆ ಕೆಲಸ ಕಲಿಸಿದವಳು ಕಾಳವ್ವ. ಆಕೆಯ ವಿಷಯ ಹೇಳಲೇಬೇಕು, ನನ್ನ ಬುದ್ಧಿ ಕೆಟ್ಟದ್ದು ಅಲ್ಲಿಂದಲೇ.

ಕಾಳವ್ವನಿಗೆ ಅರಳೆಯ ಕೆಮ್ಮು ಹತ್ತಿತ್ತು. ನಾರು ಎದೆಗೆ ಇಳಿದು ಇಳಿದು ಬರುವ ಕೆಮ್ಮು ಅದು. ಬಂದಾಗ ಕಾಳಿನ ರಾಶಿಯ ಹಿಂದೆ ಹೋಗಿ ಬಗ್ಗಿ ಕೆಮ್ಮಿ, ಕಣ್ಣು ಒರೆಸಿಕೊಂಡು ಬರುತ್ತಿದ್ದಳು. ಒಂದು ದಿನ ಅಲ್ಲಿನ ಮುಕಾದಮ ಒಳ್ಳೆಯದನ್ನೇ ಬಯಸಿ, "ಈಕಿಗೆ ಒಳಗಿನ ಧೂಳ ಆಗಿ ಬರೂದಿಲ್ರಿ, ಹೊರಗ ಅಂಗಳದಾಗ ಹತ್ತಿ ಆರಸಾಕ ಕುಂಡ್ರಸೋಣು," ಅಂತ ಆಗಿನ ಮ್ಯಾನೇಜರಿಗೆ ಹೇಳಿದ. ಮರುದಿನ ಕಾಳವ್ವ ಅಂಗಳಕ್ಕೂ ಬರಲಿಲ್ಲ, ಒಳಗೂ ಬರಲಿಲ್ಲ. ಗೇಟಿನಲ್ಲೇ ತಿರುಗಿಸಿ ಕಳಿಸಿದ್ದರು. "ರೋಗದ ಮಂದಿ ನಮಗ ಬ್ಯಾಡ," ಅಷ್ಟೇ ಮಾತು. ಮಧ್ಯಾಹ್ನ ರೊಟ್ಟಿ ತಿನ್ನಲು ಹೊರಗೆ ಬಂದಾಗ ನೋಡಿದೆ. ಕಾಳವ್ವ ಇನ್ನೂ ಗೇಟಿನ ಹೊರಗೆ ತನ್ನ ರೊಟ್ಟಿಗಂಟು ಹಿಡಿದುಕೊಂಡು ನಿಂತಿದ್ದಳು. ಯಾರೋ ಕರೆಯುತ್ತಾರೆ ಅಂದುಕೊಂಡಿದ್ದಳೋ ಏನೋ. ಬೇನೆಯನ್ನು ಬಾಯಿಬಿಟ್ಟು ಹೇಳಿದರೆ ಗೇಟೇ ಗತಿ ಅನ್ನುವುದು ಆ ದಿನ ನನ್ನೊಳಗೆ ಕೂತಿತು.

ಕೆಲವು ಹಂಗಾಮು ಕಳೆದ ಮೇಲೆ ನನ್ನನ್ನು ರೋಣದ ಜಿನ್ನಿಗೆ ಮುಕಾದಮಳಾಗಿ ಕಳಿಸಿದರು. ಹೇಗಾದೆ ಅನ್ನುವುದು ದೊಡ್ಡ ಕಥೆಯಲ್ಲ. ತಲೆ ಎಣಿಸಲು ಬರುತ್ತಿತ್ತು, ಧ್ವನಿ ದೊಡ್ಡದಿತ್ತು, ಅಷ್ಟೇ. ಹೊಸದರಲ್ಲಿ ಎಂಥ ತಪ್ಪು ಮಾಡಿದೆ ಅಂದರೆ, ಜಕ್ಕಲಿಯಿಂದ ಬರುತ್ತಿದ್ದ ಅತ್ತೆ ಸೊಸೆಯನ್ನು ಮನೆಯವರಲ್ಲವೇ ಅಂತ ಅಕ್ಕಪಕ್ಕದ ಜಿನ್ನಿಗೆ ನಿಲ್ಲಿಸಿದೆ. ಸೊಸೆಯ ಕೈ ಚುರುಕು. ಅತ್ತೆಗೆ ಅದು ಸಹಿಸಲಿಲ್ಲ, ಸೊಸೆಯನ್ನು ಮೀರಿಸಲು ತೆಕ್ಕೆಗಟ್ಟಲೆ ಹತ್ತಿ ತುರುಕಿದಳು. ಜಿನ್ನು ಕಟ್ಟಿಕೊಂಡು ಹೊಗೆ ಎದ್ದಿತು. ಫಿಟ್ಟರ್ ಇಮಾಮಸಾಬ ಓಡಿ ಬಂದು ಪಟ್ಟಾ ಸರಿಸಿ, ಬೆವರು ಒರೆಸಿಕೊಳ್ಳುತ್ತ ಅಂದ: "ನೀಲವ್ವಾ, ಮುಂದಿನ ಸಲ ಇವರಿಬ್ಬರ ನಡುವ ನನ್ನನ್ನ ನಿಲ್ಲಸಬ್ಯಾಡ, ಬಾಯ್ಲರ್ ನಿಲ್ಲಸು. ಅದಾದ್ರ ತಡಕೊಂತೈತಿ." ಎಲ್ಲರೂ ನಕ್ಕರು. ಅತ್ತೆಯೂ ನಕ್ಕಳು. ಕೆಲಸ ಹಂಚುವುದು ಅಂದರೆ ಮಂದಿಯ ಮನೆಯೊಳಗಿನದನ್ನೂ ತಿಳಿದಿರಬೇಕು ಅನ್ನುವುದನ್ನು ಹೀಗೆ ಕಲಿತೆ. ನನ್ನ ಮನೆಯೊಳಗಿನದು ನನಗೆ ಮೊದಲೇ ತಿಳಿದಿತ್ತು.

ರೋಣಕ್ಕೆ ಬರುವ ಮೊದಲೇ ಗಿರಿಜವ್ವನಿಗೆ ಮೂರ್ಛೆ ಬರಲು ಶುರುವಾಗಿತ್ತು. ಮೊದಲ ಸಲ ಒಲೆಯ ಮುಂದೆ ಬಂತು. ರೊಟ್ಟಿ ಬಡಿಯುತ್ತ ಕೂತವಳು ಸುಮ್ಮನಾದಳು, ಕಣ್ಣು ಮೇಲೆ ಹೋಯಿತು, ಕೈಕಾಲು ಸೆಟೆದು ಅದುರಿದವು. ಒಂದು ಕ್ಷಣ ತಡವಾಗಿದ್ದರೆ ಮುಖ ಬೆಂಕಿಗೆ ಬೀಳುತ್ತಿತ್ತು. ನರಗುಂದದ ದವಾಖಾನೆಗೆ ಕರೆದುಕೊಂಡು ಹೋದೆ. ಅಲ್ಲಿದ್ದ ವಯಸ್ಸಾದ ಡಾಕ್ಟರು ಅವಳ ನಾಲಗೆಯ ಮೇಲಿನ ಗಾಯ ನೋಡಿ, ನನ್ನನ್ನು ಎದುರಿಗೆ ಕೂಡಿಸಿಕೊಂಡು ಹೇಳಿದರು.

"ಇದು ಗಾಳಿ ಅಲ್ಲ, ದೆವ್ವ ಅಲ್ಲ. ತಲಿಯೊಳಗಿನ ಬ್ಯಾನಿ. ಈ ಗುಳಿಗಿ ದಿನಾ ಕೊಡಬೇಕು, ಬಿಡಬಾರದು. ಬೆಂಕಿ, ಬಾವಿ, ಯಂತ್ರ, ಈ ಮೂರರ ಹತ್ರ ಬಿಡಬ್ಯಾಡ. ತಿಳೀತೇನು?"

"ತಿಳೀತ್ರಿ," ಅಂದೆ.

ತಿಳಿದಿರಲಿಲ್ಲ ಅಂತ ಹೇಳಲು ನನಗೆ ಬಾಯಿಲ್ಲ.

ಕೆಲವು ತಿಂಗಳು ಗುಳಿಗೆ ಕೊಟ್ಟೆ, ಮೂರ್ಛೆ ಬರಲಿಲ್ಲ. ವಾಸಿಯಾಯಿತು ಅಂದುಕೊಂಡು ನಿಲ್ಲಿಸಿದೆ. ರೋಣಕ್ಕೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಿ ಜಿನ್ನಿನ ಮುಂದೆಯೇ ನಿಲ್ಲಿಸಿದೆ. ಅಂಗಳದ ಪಗಾರ ಕಡಿಮೆ, ಅದೊಂದು ಕಾರಣ. ಒಳಗಿದ್ದರೆ ನನ್ನ ಕಣ್ಣೆದುರಿಗೇ ಇರುತ್ತಾಳೆ ಅನ್ನುವುದು ಇನ್ನೊಂದು. ಕಣ್ಣೆದುರಿಗೆ ಇದ್ದರೆ ಸಾಕು ಅಂತ ನಾನು ಖರೇನೇ ನಂಬಿದ್ದೆ.

ಅದೇ ಹಂಗಾಮಿನಲ್ಲಿ ಮತ್ತೆ ಬಂತು. ದೈವಕ್ಕೆ ಆ ಸಲ ಹಿಂದಕ್ಕೆ ಬಿದ್ದಳು, ಹತ್ತಿಯ ರಾಶಿಯ ಮೇಲೆ. ಹೆಂಗಸರು ಕೆಲಸ ಬಿಟ್ಟು ಮುತ್ತಿದರು. ನಮ್ಮಲ್ಲಿ ಮೂರ್ಛೆ ಬಂದವರಿಗೆ ಚಪ್ಪಲಿ ಮೂಸಿಸುವ ರೂಢಿ ಇದೆ. ಸತ್ಯವ್ವ ಅಂತ ಒಬ್ಬಳು, ಗಟ್ಟಿ ಹೆಂಗಸು, ಎಲ್ಲದರಲ್ಲೂ ಮುಂದೆ. ಅವಳು ಬಾಗಿಲಿಗೆ ಓಡಿ ಚಪ್ಪಲಿ ತಂದಳು. "ಸರೀರಿ, ಸರೀರಿ, ಮೂರ್ಛಿ ರೋಗ ಐತಿ ಹುಡುಗಿಗೆ!" ಅಂತ ಕೂಗಿಕೊಂಡು ಬರುತ್ತಿದ್ದಳು.

ರೋಗ ಅನ್ನುವ ಶಬ್ದ ಕಿವಿಗೆ ಬಿದ್ದದ್ದೇ ನನಗೆ ಗೇಟಿನ ಹೊರಗೆ ನಿಂತ ಕಾಳವ್ವ ಕಂಡಳು. ಕೈ ಅಡ್ಡ ಹಿಡಿದು ಅಂದೆ:

"ಚಪ್ಪಲಿ ತರಬ್ಯಾಡ! ದ್ಯಾಮವ್ವ ಬಂದಾಳ ಮೈಮ್ಯಾಲ! ಯಾರೂ ಮುಟ್ಟಬ್ಯಾಡ್ರಿ!"

ಆ ಮಾತು ನನ್ನ ಬಾಯಿಂದಲೇ ಬಂತು ಅನ್ನುವುದಕ್ಕೆ ನಾನೇ ಬೆಚ್ಚಿದೆ. ಮುಂದೆ ನಡೆದದ್ದು ಅದಕ್ಕಿಂತ ಹೆಚ್ಚು. ಸತ್ಯವ್ವನ ಕೈಯಿಂದ ಚಪ್ಪಲಿ ಬಿತ್ತು. ಕೆನ್ನೆ ಕೆನ್ನೆ ಬಡಿದುಕೊಂಡಳು. "ತಪ್ಪಾತವ್ವಾ, ತಾಯೀ, ತಪ್ಪಾತು," ಅಂತ ನೆಲಕ್ಕೆ ಹಣೆ ಹಚ್ಚಿದಳು. ಅವಳ ಹಿಂದೆ ಎಲ್ಲರೂ ಕೈ ಮುಗಿದರು. ಗಿರಿಜವ್ವ ಕಣ್ಣು ಬಿಟ್ಟಾಗ ಅವಳ ಹಣೆ ತುಂಬ ಕುಂಕುಮ, ಅದುರುವುದು ನಿಂತ ಮೇಲೆ ಹಚ್ಚಿದ್ದು. ಎದುರಿಗೆ ಸಾಲಾಗಿ ಕೂತ ಹೆಂಗಸರು.

"ತಾಯೀ, ನಮ್ಮ ಎಮ್ಮಿ ಕಳದೈತಿ, ಯಾವ ದಿಕ್ಕಿಗೆ ಹೋಗೇತಿ?" ಅಂತ ಒಬ್ಬಳು ಕೇಳಿದಳು.

ಗಿರಿಜವ್ವ ಮಂಕಾಗಿ ಅತ್ತಿತ್ತ ನೋಡಿ, "ನೀರು..." ಅಂದಳು.

"ಕೆರಿ ದಂಡಿಗೆ ಐತಂತ!" ಅಂತ ಆ ಹೆಂಗಸು ಎದ್ದಳು. ಎಮ್ಮೆ ಕೆರೆಯ ದಂಡೆಯಲ್ಲೇ ಸಿಕ್ಕಿತು. ಕಳೆದ ಎಮ್ಮೆಗಳು ಮತ್ತೆಲ್ಲಿ ಸಿಗುತ್ತವೆ? ಆದರೆ ಅಲ್ಲಿಗೆ ಮುಗಿಯಿತು, ನನ್ನ ತಂಗಿ ದೇವಿಯಾದಳು.

ಇಮಾಮಸಾಬ ಒಬ್ಬ ಮಾತ್ರ ಕೈ ಮುಗಿಯಲಿಲ್ಲ. ಅವಳು ಬಿದ್ದ ಕೂಡಲೇ ಹೋಗಿ ಆ ಜಿನ್ನಿನ ಪಟ್ಟಾ ಸರಿಸಿದ್ದ. ಕೆಲಸ ಬಿಟ್ಟ ಮೇಲೆ ನನ್ನನ್ನು ತಡೆದು ಮೆಲ್ಲಗೆ ಅಂದ: "ನಮ್ಮ ಕಾಕಾಗೂ ಹಿಂಗ ಆಗತಿತ್ತು, ನೀಲವ್ವಾ. ಕಬ್ಬಿಣಕ್ಕ ದೇವರು ದಿಂಡರು ಗೊತ್ತಾಗೂದಿಲ್ಲ. ಹುಡುಗೀನ ಹೊರಗ ಕುಂಡ್ರಸು."

"ನಿನ್ನ ಕೆಲಸ ನೀ ನೋಡು, ಸಾಬಣ್ಣ," ಅಂದೆ. ಆ ಮನುಷ್ಯ ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಆಮೇಲೆ ಗಿರಿಜವ್ವ ನಿಲ್ಲುತ್ತಿದ್ದ ಒಂದನೇ ಜಿನ್ನಿನ ಪಟ್ಟಾದ ಹಿಡಿಕೆಗೆ ದಿನಾ ತಪ್ಪದೆ ಎಣ್ಣೆ ಹಾಕುತ್ತಿದ್ದ.

ಒಂದನೇ ಜಿನ್ನು ಅಂದರೆ ಇಂಜಿನ್ನಿನ ಮಗ್ಗುಲಿನದು. ಹಂಗಾಮಿನ ಮೊದಲ ಪೂಜೆ ಅದಕ್ಕೇ. ದೇವಿ ಅಲ್ಲೇ ನಿಲ್ಲಬೇಕು ಅಂತ ಹೆಂಗಸರು ಪಟ್ಟು ಹಿಡಿದರು, ನಿಲ್ಲಿಸಿದೆ. ಯಾರಿಗಾದರೂ ಜ್ವರ ಬಂದರೆ ಗಿರಿಜವ್ವನ ಕೈಯಿಂದ ಕುಂಕುಮ ಹಚ್ಚಿಸಿಕೊಂಡು ಹೋಗುವರು. ಜಗಳ ಹತ್ತಿದರೆ, "ದೇವಿ ಮುಂದ ಬಾಯಿ ಮಾಡಬ್ಯಾಡ್ರಿ," ಅಂದರೆ ಸಾಕು, ಎಲ್ಲರೂ ಗಪ್ಪು. ನನ್ನಷ್ಟು ಸುಲಭದ ಮುಕಾದಮಿಕೆ ಮೂರೂ ಊರಲ್ಲಿ ಯಾರಿಗೂ ಇರಲಿಲ್ಲ. ತಂಗಿಯ ಹೊಟ್ಟೆಗಾಗಿ, ತಂಗಿಯ ಮದುವೆಗಾಗಿ ಸುಳ್ಳು ಹೇಳಿದೆ ಅಂತ ಮುಂದೆ ಮಂದಿಗೆ ಹೇಳಿದ್ದೇನೆ. ಅದು ಅರ್ಧ ಮಾತ್ರ ನಿಜ. ಆ ಸುಳ್ಳು ನನಗೆ ಚಲೋ ಹೊಂದಿತ್ತು. ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು.

ಎರಡನೇ ಹಂಗಾಮಿಗೆ ಹೊಸ ಮ್ಯಾನೇಜರ್ ಬಂದರು. ಧಾರವಾಡ ಕಡೆಯವರು, ಕುಲಕರ್ಣಿ ಅಂತ. ಕರಿ ಟೊಪ್ಪಿಗೆ, ಸಣ್ಣ ಧ್ವನಿ. ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ ಅದು, ಕಾರ್ಖಾನೆ ನೋಡಲು ಸರಕಾರದ ಸಾಹೇಬರು ಬಂದು ಹೋಗಿದ್ದರು. ಅದಾದ ಮೇಲೆ ಕುಲಕರ್ಣಿಯವರು ನನ್ನನ್ನು ಆಫೀಸಿಗೆ ಕರೆದರು. ಬಾಗಿಲಲ್ಲಿ ನಿಂತೆ. "ಒಳಗ ಬಾರವಾ," ಅಂದರು. ಯಾವ ಮ್ಯಾನೇಜರೂ ಹಾಗೆ ಕರೆದಿರಲಿಲ್ಲ.

"ನಿನ್ನ ಆಳುಗಳಾಗ ಬ್ಯಾನಿ ಇದ್ದವರು ಯಾರ ಯಾರು ಇದ್ದಾರ, ನನಗ ಹೇಳು. ಕೆಮ್ಮು, ದಮ್ಮು, ಬಸರಿ ಹೆಣಮಕ್ಕಳು. ಅವರನ್ನ ಯಂತ್ರದ ಹತ್ರ ಇಡೂದು ಬ್ಯಾಡ. ಅಂಗಳದಾಗ ಹತ್ತಿ ಆರಸಲಿ."

ನಾನು ಗೇಟಿನ ಕಡೆ ನೋಡಿದೆ. ನನ್ನ ಮನಸ್ಸು ತಿಳಿಯಿತೇನೋ. "ಯಾರನ್ನೂ ತಗದು ಹಾಕೂದಿಲ್ಲ. ನನ್ನ ಮಾತದ," ಅಂದರು.

ಕೆಮ್ಮಿನ ಇಬ್ಬರು, ದಿನ ತುಂಬಿದ ಬಸುರಿ ಒಬ್ಬಳು, ಮೂವರ ಹೆಸರು ಹೇಳಿದೆ. ಅವರು ಮತ್ತೆ ಕೇಳಿದರು: "ಮತ್ತ ನಿನ್ನ ತಂಗಿ? ಬೀಳತಾಳಂತಲ್ಲ?"

"ಅದು ಬ್ಯಾನಿ ಅಲ್ರಿ. ದ್ಯಾಮವ್ವ ಬರತಾಳ್ರಿ."

"ಖರೇನೇ?"

"ಖರೇ ರೀ."

ನನ್ನ ಮುಖ ನೋಡಿದರು. "ನೀ ಒಡಹುಟ್ಟಿದಾಕಿ. ನಿನಗಿಂತ ಹೆಚ್ಚ ನನಗೇನ ತಿಳೀತದ?" ಅಂತ ಮಾತು ಬಿಟ್ಟರು.

ಮಾರನೆಯ ದಿನದಿಂದ ಆ ಮೂವರೂ ಅಂಗಳದಲ್ಲಿ ಬೇವಿನ ಗಿಡದ ನೆರಳಿಗೆ ಕೂತು, ಹತ್ತಿಯೊಳಗಿನ ಎಲೆ, ಕಸ, ಹುಳುಕು ಆರಿಸತೊಡಗಿದರು. ಯಾರನ್ನೂ ಗೇಟಿನಿಂದ ತಿರುಗಿಸಲಿಲ್ಲ. ಬಸುರಿ ಹೆರಿಗೆಯಾಗಿ ಬಂದಳು, ಅವಳ ಜಾಗ ಅವಳಿಗೆ ಇತ್ತು. ಇದೆಲ್ಲ ನನ್ನ ಕಣ್ಣ ಮುಂದೆ ನಡೆಯಿತು. ಕಾಳವ್ವನ ಗತಿ ಕಂಡು ಹೆದರಿ ಸುಮ್ಮನಿದ್ದೆ ಅಂತ ಹೇಳಿಕೊಳ್ಳಲು ಆಮೇಲೆ ನನಗೆ ದಾರಿಯೇ ಉಳಿಯಲಿಲ್ಲ. ಹೆದರಿಕೆ ಹೋದ ಮೇಲೂ ಸುಮ್ಮನಿದ್ದೆ.

ಗಿರಿಜವ್ವನೂ ಅದನ್ನು ನೋಡುತ್ತಿದ್ದಳು. ಒಂದು ಮಧ್ಯಾಹ್ನ ರೊಟ್ಟಿ ತಿನ್ನುವಾಗ, ಅಂಗಳದ ಕಡೆ ಕಣ್ಣಿಟ್ಟುಕೊಂಡೇ ಅಂದಳು:

"ಅಕ್ಕಾ, ನನ್ನನ್ನೂ ಅಲ್ಲಿಗೆ ಹಾಕು. ಹತ್ತಿ ಆರಸ್ತೇನಿ."

"ಯಾಕ? ಇಲ್ಲೇನಾಗೈತಿ?"

"ಅಂಜಿಕಿ ಬರ್ತೈತಿ. ರೋಲ್ ತಿರುಗೂದು ನೋಡಿದ್ರ ತಲಿ ಝುಮ್ ಅಂತೈತಿ. ನನಗ ಬರೂದು ದ್ಯಾಮವ್ವ ಅಲ್ಲ, ಅಕ್ಕಾ. ನಿನಗೂ ಗೊತ್ತೈತಿ. ನಾಲಿಗಿ ಕಚಗೊಂಡು ಬಾಯಾಗ ರಗತ ಬರ್ತೈತಿ, ದೇವಿ ತನ್ನ ಮಗಳ ನಾಲಿಗಿ ಕಚ್ಚತಾಳೇನು?"

"ಮೆಲ್ಲಕ ಮಾತಾಡು," ಅಂದೆ. ಅಕ್ಕಪಕ್ಕ ಯಾರಾದರೂ ಕೇಳಿಸಿಕೊಂಡರೋ ಅಂತ ಮೊದಲು ನೋಡಿದೆ, ತಂಗಿಯ ಮುಖ ನೋಡಿದ್ದು ಆಮೇಲೆ. "ಇಷ್ಟ ದಿನ ಪೂಜಿ ಮಾಡಿಸ್ಕೊಂಡು ಈಗ ಕಸ ಆರಸಾಕ ಕುಂತ್ರ ಮಂದಿ ಏನಂತಾರ? ಈ ಹಂಗಾಮ ಒಂದ ಮುಗೀಲಿ. ಮುಂದಿನ ಸಲ ನೋಡೋಣಂತ."

"ಹ್ಞೂಂ," ಅಂದಳು. ಉಳಿದ ರೊಟ್ಟಿ ಕಟ್ಟಿಟ್ಟಳು.

ಹಂಗಾಮು ಮುಗಿಯಲು ಹೆಚ್ಚು ದಿನ ಇರಲಿಲ್ಲ. ಅಂದು ಬಿಸಿಲು ಭಾಳ. ಇಮಾಮಸಾಬ ಇಂಜಿನ್ ಮನೆಯಲ್ಲಿದ್ದ. ನಾನು ಸಾಲಿನ ಆ ತುದಿಯಲ್ಲಿ, ಹೊಸದಾಗಿ ಬಂದವಳೊಬ್ಬಳಿಗೆ ಬೆರಳು ಹೇಗೆ ಹಿಂದೆ ಇಟ್ಟುಕೊಳ್ಳಬೇಕು ಅಂತ ತೋರಿಸುತ್ತಿದ್ದೆ. ಜಿನ್ನುಗಳ ಸದ್ದಿನ ಮೇಲೆ ಬೇರೊಂದು ಸದ್ದು ಎದ್ದಿತು. ಹೆಂಗಸರು ಕೂಗುತ್ತಿದ್ದರು. ತಿರುಗಿ ನೋಡಿದೆ. ಒಂದನೇ ಜಿನ್ನಿನ ಮುಂದೆ ಎಲ್ಲರೂ ಅರ್ಧ ಚಂದ್ರದ ಹಾಗೆ ನಿಂತಿದ್ದರು. ಎಲ್ಲರೂ ಕೈ ಮುಗಿದಿದ್ದರು. "ಉಧೋ! ಉಧೋ!" ಅನ್ನುತ್ತಿದ್ದರು.

ಓಡಿದೆ. ಗಿರಿಜವ್ವ ಈ ಸಲ ಮುಂದಕ್ಕೆ ಬಿದ್ದಿದ್ದಳು. ಎದೆ ಜಿನ್ನಿನ ಮೇಲೆ ಆನಿತ್ತು, ಮೈ ಅದುರುತ್ತಿತ್ತು. ಬಲಗೈ ಕಾಣಿಸುತ್ತಿರಲಿಲ್ಲ. ರೋಲಿನ ಆಚೆ ಬೀಳುತ್ತಿದ್ದ ಅರಳೆ ಕೆಂಪಗಿತ್ತು.

ಅವಳ ಮೈಗೆ ಮೊಳದಷ್ಟು ಹತ್ತಿರದಲ್ಲಿ ಸತ್ಯವ್ವ ನಿಂತಿದ್ದಳು. ಪಟ್ಟಾದ ಹಿಡಿಕೆ ಅವಳ ಮೊಣಕೈ ತಾಕುವಷ್ಟು ಸಮೀಪ. ಅವಳು ಕಣ್ಣು ಮುಚ್ಚಿ ಕೈ ಮುಗಿದಿದ್ದಳು. ಯಾರೂ ಮುಟ್ಟಿರಲಿಲ್ಲ. ದೇವಿ ಬಂದಾಗ ಮುಟ್ಟಬಾರದು ಅಂತ ನಾನೇ ಹೇಳಿದ್ದೆನಲ್ಲ.

"ಪಟ್ಟಾ ಸರಸ್ರಿ! ಹಿಡೀರಿ ಆಕಿನ್ನ! ದೇವಿ ಅಲ್ಲ, ರೋಗ! ಮೂರ್ಛಿ ರೋಗ ಐತಿ ನನ್ನ ತಂಗಿಗೆ!"

ಆ ಮಾತು ಕೊನೆಗೂ ಬಂತು. ಯಾರೂ ನಂಬಲಿಲ್ಲ. ಸತ್ಯವ್ವ ಕಣ್ಣು ಬಿಟ್ಟು, ನನ್ನನ್ನೇ ಎರಡೂ ತೋಳಿನಿಂದ ಹಿಡಿದಳು. "ಹಂಗನಬ್ಯಾಡ ನೀಲಕ್ಕಾ! ತಾಯಿನ್ನ ರೋಗ ಅಂತಿಯೇನ? ಹುಚ್ಚ ಹಿಡೀತೇನ ನಿನಗ?" ನಾನು ಕೊಸರಾಡುತ್ತಿದ್ದೇನೆ, ಅವಳು ಬಿಡುತ್ತಿಲ್ಲ. ನನ್ನ ಒಳ್ಳೆಯದಕ್ಕೇ ಹಿಡಿದಿದ್ದಾಳೆ. ಅವಳ ಕೈಯನ್ನು ಕಚ್ಚಿದೆ. ಬಿಡಿಸಿಕೊಂಡು ಹೋಗಿ ಹಿಡಿಕೆ ದೂಡಿದೆ. ಎಣ್ಣೆ ಕುಡಿದ ಹಿಡಿಕೆ, ಒಂದೇ ದೂಡಿಗೆ ಸರಿಯಿತು. ಜಿನ್ನು ನಿಂತಿತು.

ಸದ್ದು ಕೇಳಿ ಬಂದ ಇಮಾಮಸಾಬ ರೋಲು ಬಿಚ್ಚಿ ಕೈ ಬಿಡಿಸಿದ. ಅವನು ನನ್ನ ಕಡೆ ನೋಡಲಿಲ್ಲ. ಹತ್ತಿಯ ಲಾರಿಯಲ್ಲಿ ಮಲಗಿಸಿ ಗದುಗಿಗೆ ಒಯ್ದೆವು. ಕುಲಕರ್ಣಿಯವರೂ ಜೊತೆಗೆ ಬಂದರು. ಅಲ್ಲಿ ಬಲಗೈಯನ್ನು ಮಣಿಕಟ್ಟಿನವರೆಗೆ ತೆಗೆದರು.

ದವಾಖಾನೆಯ ಪಡಸಾಲೆಯಲ್ಲಿ ಕುಲಕರ್ಣಿಯವರು ಟೊಪ್ಪಿಗೆ ಕೈಯಲ್ಲಿ ಹಿಡಿದು ಕೂತಿದ್ದರು. "ನೀಲವ್ವಾ, ನಾ ಆ ದಿವಸ ಕೇಳಿದ್ನಲ್ಲ..." ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಕೇಳಿದ್ರಿ," ಅಂದೆ.

ರೋಣಕ್ಕೆ ತಿರುಗಿ ಹೋದಾಗ ಹೆಂಗಸರು ನನ್ನ ಜೊತೆ ಮಾತು ಬಿಟ್ಟಿದ್ದರು. ತಪ್ಪು ಮಾಡಿದವಳಿಗೆ ಇದು ಸರಿಯೇ ಅಂದುಕೊಂಡೆ. ಆದರೆ ಸತ್ಯವ್ವ ಅಂದದ್ದೇ ಬೇರೆ.

"ತಾಯಿ ಮೈಮ್ಯಾಲ ಇದ್ದಾಗ ರೋಗ ಅಂತ ಬೈದಿ. ಅದಕ್ಕ ಕೈ ತಗೊಂಡ್ಳು. ನೀ ಬಾಯಿ ತಗೀದಿದ್ರ ಬಿಡತಿದ್ಲು."

ನಾನು ಸುಳ್ಳು ಹೇಳಿದಷ್ಟು ದಿನ ನನಗೆ ನಮಸ್ಕಾರ ಮಾಡಿದರು. ಖರೇ ಹೇಳಿದ ಒಂದು ಗಳಿಗೆಗೆ ಶಾಪ ಹಾಕಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಹಾಗೆ ಕಲಿಸಿದವಳು ನಾನೇ. ಸತ್ಯವ್ವನ ಕೈ ಮೇಲೆ ನನ್ನ ಹಲ್ಲಿನ ಗುರುತು ಇನ್ನೂ ಮಾಸಿರಲಿಲ್ಲ.

ನನ್ನನ್ನು ಕೆಲಸದಿಂದ ತೆಗೆಯುತ್ತಾರೆ ಅಂದುಕೊಂಡಿದ್ದೆ. ಕುಲಕರ್ಣಿಯವರು ಮಾಲಕರ ಹತ್ತಿರ ಮಾತಾಡಿ ನಮ್ಮಿಬ್ಬರನ್ನೂ ಗಜೇಂದ್ರಗಡದ ಜಿನ್ನಿಗೆ ಬದಲಿ ಮಾಡಿದರು. ಗಿರಿಜವ್ವನಿಗೆ ಅಂಗಳದಲ್ಲಿ ಹತ್ತಿ ಆರಿಸುವ ಕೆಲಸ, ನನಗೆ ಹಿಂದಿನದೇ ಕೆಲಸ. "ಇನ್ನೊಬ್ಬರನ್ನ ನಿಲ್ಲಸೂ ಮೊದಲು ನೀನು ಹತ್ತ ಸಲ ವಿಚಾರ ಮಾಡತಿ. ಹೊಸಬಳು ಮಾಡೂದಿಲ್ಲ," ಅಂದರು. ಕ್ಷಮೆಯೋ ಶಿಕ್ಷೆಯೋ ಇಂದಿಗೂ ನನಗೆ ಗೊತ್ತಾಗಿಲ್ಲ.

ಗುಳಿಗೆ ಮತ್ತೆ ಶುರುವಾಯಿತು. ಮೂರ್ಛೆ ಬಂದಾಗ ಏನು ಮಾಡಬೇಕು ಅಂತ ಗದುಗಿನ ಡಾಕ್ಟರು ಅವಳಿಗೇ ಹೇಳಿಕೊಟ್ಟಿದ್ದರು. ಗಿರಿಜವ್ವ ಎಡಗೈಯಲ್ಲಿ ಹತ್ತಿ ಆರಿಸಲು ಕಲಿತಳು. ಹತ್ತಿಯನ್ನು ಮೊಂಡುಗೈಯಿಂದ ಒತ್ತಿ ಹಿಡಿದು, ಎಡಗೈಯಿಂದ ಕಸ ತೆಗೆಯುತ್ತಿದ್ದಳು. ಮದುವೆಯ ಮಾತು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಮನೆಯಲ್ಲಿ ನನ್ನ ಜೊತೆ ಎಲ್ಲ ಮಾತೂ ಆಡುತ್ತಿದ್ದಳು, ಉಪ್ಪು, ಹುಳಿ, ಮಳೆ, ನೆರೆಮನೆಯ ಜಗಳ. ಆ ಒಂದು ದಿನದ ಮಾತು ಬಿಟ್ಟು.

ಗಜೇಂದ್ರಗಡಕ್ಕೆ ಬಂದ ಮೊದಲ ಹಂಗಾಮಿನ ಪೂಜೆಯ ದಿನ. ತೆಂಗಿನಕಾಯಿ ಒಡೆದಾಗಿತ್ತು, ಇಂಜಿನ್ ಇನ್ನೂ ಶುರುವಾಗಿರಲಿಲ್ಲ. ಹಳಬರು, ಹೊಸಬರು ಎಲ್ಲ ಹೆಂಗಸರೂ ಅಂಗಳದಲ್ಲಿ ನಿಂತಿದ್ದರು. ನಾನು ಯಾರು ಎಲ್ಲಿ ಅಂತ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ಒಬ್ಬಳು ಪಕ್ಕದವಳಿಗೆ ಅಂದದ್ದು ಕೇಳಿಸಿತು: "ರೋಣದಾಗ ಮೈಮ್ಯಾಲ ದ್ಯಾಮವ್ವ ಬರತಿದ್ಲಂತಲ್ಲ, ಈಕೀನ ಅಂತ." ಆ ಪಕ್ಕದವಳು ಆಗಲೇ ಕೈ ಮುಗಿಯಲು ಎತ್ತಿದ್ದಳು.

ಗಿರಿಜವ್ವ ಹತ್ತಿಯ ರಾಶಿಯಿಂದ ಎದ್ದು ಬಂದು ನನ್ನ ಮುಂದೆ ನಿಂತಳು. ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದ ಕೈಯನ್ನು ಹೊರಗೆ ತೆಗೆದು, ಎಲ್ಲರಿಗೂ ಕಾಣುವ ಹಾಗೆ ಹಿಡಿದಳು.

"ಕೈ ಕೆಳಗ ಮಾಡಬೇ, ಯವ್ವಾ. ನನಗ ದ್ಯಾಮವ್ವ ಬರೂದಿಲ್ಲ. ಮೂರ್ಛಿ ರೋಗ ಐತಿ. ನಾ ಬಿದ್ರ ಯಾರೂ ಕೈ ಮುಗೀಬ್ಯಾಡ್ರಿ. ಮಗ್ಗಲಾಗಿ ಮಲಗಸ್ರಿ, ಬಾಯಾಗ ಏನೂ ತುರುಕಬ್ಯಾಡ್ರಿ, ಎಚ್ಚರ ಆಗೂ ತನಕ ಹತ್ರ ಇರ್ರಿ. ಅಷ್ಟ. ನಿಮ್ಮಲ್ಲಿ ಯಾರಿಗರೆ ಏನರೆ ಬ್ಯಾನಿ ಇದ್ರ ಈಗ ಹೇಳ್ರಿ. ಇಲ್ಲಿ ಅಂಗಳದಾಗ ನನ್ನ ಮಗ್ಗಲ ಜಾಗ ಐತಿ."

ನನ್ನ ಕಡೆ ತಿರುಗದೆಯೇ ಮತ್ತೆ ಅಂದಳು:

"ಕೆಲಸದ ಮಾತು ನಮ್ಮಕ್ಕನ್ನ ಕೇಳ್ರಿ, ಆಕಿ ಚಲೋ ಹೇಳತಾಳ. ನನ್ನ ಬ್ಯಾನಿ ಮಾತ ಮಾತ್ರ ನನ್ನನ್ನ ಕೇಳ್ರಿ."

ಕೈ ಎತ್ತಿದವಳು ಏನು ಮಾಡಬೇಕೋ ತಿಳಿಯದೆ ನನ್ನ ಮುಖ ನೋಡಿದಳು. ಎಲ್ಲರೂ ನೋಡಿದರು. ಮುಕಾದಮಳು ಏನನ್ನುತ್ತಾಳೆ ಅಂತ. ನರಗುಂದದ ಡಾಕ್ಟರಿಗೆ ತಿಳಿಯಿತು ಅಂದದ್ದು, ಕುಲಕರ್ಣಿಯವರಿಗೆ ಖರೇ ಅಂದದ್ದು, ತಂಗಿಗೆ ಮುಂದಿನ ಸಲ ಅಂದದ್ದು, ಎಲ್ಲವೂ ಒಟ್ಟಿಗೇ ನೆನಪಾದವು.

"ಹೌದು," ಅಂದೆ. "ನನ್ನ ತಂಗಿಗೆ ರೋಗ ಐತಿ. ನನಗ ಮೊದಲಿಂದ ಗೊತ್ತಿತ್ತು."

ಎತ್ತಿದ ಕೈ ಕೆಳಗಿಳಿಯಿತು. ಗುಂಪಿನೊಳಗಿಂದ ಒಬ್ಬ ಹೆಂಗಸು ಮುಂದೆ ಬಂದು, ತನಗೆ ದಮ್ಮು ಇದೆ ಅಂದಳು. ನನಗಲ್ಲ, ಗಿರಿಜವ್ವನಿಗೆ. ಗಿರಿಜವ್ವ ಹತ್ತಿಯನ್ನು ಕಾಲಿನಿಂದ ಸರಿಸಿ ಅವಳಿಗೆ ಜಾಗ ಮಾಡಿಕೊಟ್ಟಳು. ಆಮೇಲೆ ಇಂಜಿನ್ ಶುರುವಾಯಿತು.